ಒದ್ದೆ ಗೋಡೆಗೆ ಹೊಸ ಅಂಗಿ ಬೇಡ

ಶುಕ್ರವಾರ ಇಲ್ಲಿ ವಾರದ ರಜೆ. ಒಮಾನಿನ ರುಸ್ತಾಕ್‌ನಲ್ಲಿ ಬೆಳಗ್ಗೆ ಎಂಟೂವರೆ ಆದಾಗ ಊರಲ್ಲಿ ಹತ್ತು ಗಂಟೆ. ತಿಂಡಿ ಮುಗಿಸಿ ಊರಿಗೆ ವಿಡಿಯೊ ಕರೆ ಮಾಡುವುದು ನಮ್ಮ ಮನೆಯ ವಾಡಿಕೆ. ಅಂಗಳ, ಬಾವಿಕಟ್ಟೆ, ಹಟ್ಟಿಯ ಕರು ಎಲ್ಲವನ್ನೂ ಅಮ್ಮ ತೋರಿಸುತ್ತಾರೆ. ಆದರೆ ಎರಡು ಮಳೆಗಾಲ ಅವರು ಒಂದು ಜಾಗವನ್ನು ಮಾತ್ರ ತೋರಿಸಲಿಲ್ಲ. “ಕೆಳಗಿನ ಕೋಣೆ ಹೇಗಿದೆ ಅಮ್ಮ?” ಎಂದರೆ “ಅಲ್ಲಿ ಈಗ ಕರೆಂಟ್ ಇಲ್ಲ” ಎನ್ನುತ್ತಿದ್ದರು. ಇಲ್ಲವೇ “ಅಪ್ಪ ಮಲಗಿದ್ದಾರೆ” ಎನ್ನುತ್ತಿದ್ದರು. ನಾವು ನಂಬಿದೆವು.

ಆ ಕೋಣೆಯ ಗೋಡೆಯ ವಿಷಯವನ್ನು ಇಲ್ಲಿ ಹೇಳಲು ಕಾರಣವಿದೆ. ಗಲ್ಫ್‌ನಲ್ಲಿ ದುಡಿದು ಊರಿನ ಮನೆಗೆ ಒಂದೊಂದೇ ಕೋಣೆ ಸೇರಿಸುವವರು ನಮ್ಮಲ್ಲಿ ಬಹಳ ಮಂದಿ. ಹೊಸ ಮನೆ ಕಟ್ಟುವಷ್ಟು ಹಣ ಇಲ್ಲದಾಗ ಇರುವ ಮನೆಯ ಕೆಳ ಅಂತಸ್ತಿನ ಮೇಲೆ ಕಣ್ಣು ಬೀಳುತ್ತದೆ. ಚೌಕಟ್ಟು ಕಟ್ಟಿ, ಬೋರ್ಡ್ ಹೊಡೆದು, ಬಣ್ಣ ಬಳಿದರೆ ಕೋಣೆ ತಯಾರು ಎಂಬ ಲೆಕ್ಕ. ನಾವೂ ಹಾಗೆಯೇ ಲೆಕ್ಕ ಹಾಕಿದ್ದೆವು. ಲೆಕ್ಕ ಹಾಕುವುದೇ ಕಸುಬಾಗಿದ್ದರೂ ತಪ್ಪಿದೆವು.

ಏಪ್ರಿಲ್‌ನ ಗೋಡೆ, ಆಟಿಯ ಗೋಡೆ

ನಮ್ಮ ಮನೆ ಇರುವುದು ಪುತ್ತೂರು ತಾಲ್ಲೂಕಿನ ಒಂದು ಇಳಿಜಾರು ಜಾಗದಲ್ಲಿ. ಅಂಗಳದ ಮಟ್ಟಕ್ಕೆ ಮನೆ, ಅದರ ಅಡಿಯಲ್ಲಿ ತೋಟದ ಕಡೆಗೆ ಬಾಗಿಲಿರುವ ಕೆಳ ಅಂತಸ್ತು. ಕೆಂಪುಕಲ್ಲಿನ ಗೋಡೆಗಳು. ಮೂರು ಗೋಡೆಗೆ ಗಾಳಿ ಬೆಳಕು ಇದೆ. ಅಂಗಳದ ಕಡೆಯ ಗೋಡೆ ಮಾತ್ರ ಪೂರ್ತಿ ಮಣ್ಣಿಗೆ ತಾಗಿದೆ. ಅಪ್ಪ ಅಲ್ಲಿ ಸೌದೆ, ತೆಂಗಿನಕಾಯಿ, ಹಳೇ ಮಂಚ ಇಡುತ್ತಿದ್ದರು.

ಕೆನಡಾದಲ್ಲಿರುವ ಬಂಧುವೊಬ್ಬರು ತಮ್ಮ ಮನೆಯ ಬೇಸ್‌ಮೆಂಟ್‌ನಲ್ಲಿ ತಾವೇ ಮರದ ಚೌಕಟ್ಟು ನಿಲ್ಲಿಸಿ ಕೋಣೆ ಮಾಡಿದ ವಿಡಿಯೊ ಕಳುಹಿಸಿದರು. ಅದನ್ನು ನೋಡಿ ನಮಗೂ ಆಸೆ ಹುಟ್ಟಿತು. ಊರಿಗೆ ಮರಳಿದ ಮೇಲೆ ಅಲ್ಲೇ ಒಂದು ಆಫೀಸು ಮಾಡಬಹುದು, ನಾಲ್ಕು ಜನರ ಲೆಕ್ಕಪತ್ರ ನೋಡಬಹುದು ಎಂಬ ಯೋಚನೆ. ನಾವು ಪ್ರತಿವರ್ಷ ಕಂಪನಿಯ ಆಡಿಟ್ ಮುಗಿಸಿ ಏಪ್ರಿಲ್‌ನಲ್ಲಿ ರಜೆ ಹಾಕುವವರು. ಏಪ್ರಿಲ್‌ನಲ್ಲಿ ಆ ಗೋಡೆ ಮುಟ್ಟಿ ನೋಡಿದೆವು, ಒಣಗಿತ್ತು. ಹದಿನೆಂಟು ದಿನದಲ್ಲಿ ಕೆಲಸ ಮುಗಿಯಿತು. ತಗಡಿನ ಚಾನೆಲ್, ಜಿಪ್ಸಂ ಬೋರ್ಡ್, ಪುಟ್ಟಿ, ಬಣ್ಣ, ಫಾಲ್ಸ್ ಸೀಲಿಂಗ್. ಒಟ್ಟು 3,40,000 ರೂಪಾಯಿ, ಅಂದರೆ ನಮ್ಮ ಸುಮಾರು ನಾಲ್ಕು ತಿಂಗಳ ಉಳಿತಾಯ. ಫೋಟೊ ನೋಡಿದ ಇಲ್ಲಿನ ಗೆಳೆಯರು “ಹೋಟೆಲ್ ರೂಮಿನ ಹಾಗಿದೆ” ಎಂದರು.

ಎರಡನೆಯ ವರ್ಷದ ಜುಲೈಯಲ್ಲಿ ಅಪ್ಪನ ಕೆಮ್ಮು ಇಳಿಯುತ್ತಿಲ್ಲ ಎಂದು ತಿಳಿದು ತುರ್ತು ರಜೆ ಹಾಕಿ ಹೋದೆವು. ವೈದ್ಯರು ಮೊದಲು ಕೇಳಿದ ಪ್ರಶ್ನೆ, “ಇವರು ಮಲಗುವ ಕೋಣೆ ಹೇಗಿದೆ?” ಮನೆಗೆ ಬಂದು ಕೆಳಗಿನ ಬಾಗಿಲು ತೆರೆದರೆ ಮುಗ್ಗಲು ವಾಸನೆ. ಅಂಗಳದ ಕಡೆಯ ಬೋರ್ಡ್ ನೆಲದಿಂದ ಒಂದು ಗೇಣು ಎತ್ತರ ಕಪ್ಪಾಗಿತ್ತು. ಭಾವ ಬೆರಳಲ್ಲಿ ಒತ್ತಿದರೆ ಬೆರಳು ಒಳಗೇ ಹೋಯಿತು. “ಇದು ಗೋಡೆಯಾ, ದೋಸೆ ಹಿಟ್ಟಾ ಭಾವ?” ಎಂದರು ಅವರು. ಬೋರ್ಡ್ ಕಿತ್ತು ನೋಡಿದಾಗ ಹಿಂದಿನ ಕೆಂಪುಕಲ್ಲಿನ ಮೇಲೆ ನೀರು ಒಸರುತ್ತಿತ್ತು. ಚಾನೆಲ್ ತುಕ್ಕು ಹಿಡಿದಿತ್ತು, ಮರದ ಪಟ್ಟಿಗೆ ಗೆದ್ದಲು ಹತ್ತಿತ್ತು.

ಅಪ್ಪ ಅದೇ ಕೋಣೆಯಲ್ಲಿ ಯಾಕೆ ಮಲಗಿದರು? “ನೀವು ಅಷ್ಟು ಖರ್ಚು ಮಾಡಿ ಮಾಡಿಸಿದ್ದು. ಖಾಲಿ ಬಿಟ್ಟರೆ ನಿಮಗೆ ಬೇಸರ ಆಗುವುದಿಲ್ಲವಾ?” ಎಂದರು ಅಮ್ಮ. ಮನೆಯೊಳಗಿನ ತೇವ ಮತ್ತು ಬೂಸ್ಟು ಉಸಿರಾಟದ ತೊಂದರೆಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಾವು ಅದನ್ನು ಓದಿದ್ದು ಅಪ್ಪನ ಎಕ್ಸ್‌ರೇ ತೆಗೆಸಿದ ಮೇಲೆ.

ಮೂರು ಊರು, ಮೂರು ಗೋಡೆ

ನಮ್ಮ ಮೊದಲ ತಪ್ಪು, ಬೇರೆ ಊರಿನ ಗೋಡೆಯನ್ನು ನಮ್ಮೂರಿಗೆ ತಂದದ್ದು. ಕೆನಡಾ, ಅಮೆರಿಕದಲ್ಲಿ ಬೇಸ್‌ಮೆಂಟ್ ಗೋಡೆಗೆ ಚೌಕಟ್ಟು ಕಟ್ಟುವುದಕ್ಕೆ ಚಳಿ ಒಂದು ದೊಡ್ಡ ಕಾರಣ. ಕಾಂಕ್ರೀಟ್ ಗೋಡೆಯ ತಣ್ಣಗೆ ಕೋಣೆಗೆ ಬಾರದಂತೆ ಶಾಖ ತಡೆಯುವ ಪದರ ಇಡಬೇಕು, ಅದನ್ನು ಹಿಡಿದುಕೊಳ್ಳಲು ಚೌಕಟ್ಟು ಬೇಕು. ಅಲ್ಲಿಯೂ ತಿಳಿದವರು ಮೊದಲು ಗೋಡೆ ಒಣಗಿದೆಯೇ ಎಂದು ನೋಡುತ್ತಾರೆ, ನೆಲಕ್ಕೆ ತಾಗುವ ಮರಕ್ಕೆ ಔಷಧಿ ಹಾಕಿದ್ದನ್ನೇ ಬಳಸುತ್ತಾರೆ. ಪುತ್ತೂರಿನಲ್ಲಿ ಆ ಚಳಿ ಇಲ್ಲ. ಹಾಗಾಗಿ ನಮ್ಮ ಚೌಕಟ್ಟಿಗೆ ಅಂದ ಒಂದನ್ನು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ಇನ್ನು ರುಸ್ತಾಕ್. ಇಲ್ಲಿನ ವಿಲ್ಲಾಗಳಲ್ಲಿ ಎರಡು ದಿನದಲ್ಲಿ ಜಿಪ್ಸಂ ಗೋಡೆ ಏಳುತ್ತದೆ, ವರ್ಷಾನುಗಟ್ಟಲೆ ನಿಲ್ಲುತ್ತದೆ. ಅದನ್ನೇ ದಿನವೂ ನೋಡುವ ನಮಗೆ ಜಿಪ್ಸಂ ಎಂದರೆ ಗಟ್ಟಿ ವಸ್ತು ಎಂಬ ನಂಬಿಕೆ ಬಂದಿತ್ತು. ಇಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿ.ಮೀ. ಆಸುಪಾಸು. ದಕ್ಷಿಣ ಕನ್ನಡದಲ್ಲಿ ಸುಮಾರು 4,000 ಮಿ.ಮೀ. ಅಲ್ಲಿಗೇ ವಿಷಯ ಮುಗಿಯಿತು.

ಹಾಗೆಂದು ಇಲ್ಲಿನವರಿಗೆ ನೀರಿನ ಶಕ್ತಿ ತಿಳಿಯದು ಎಂದಲ್ಲ. 2021ರ ಅಕ್ಟೋಬರ್ 3ರಂದು ಶಾಹೀನ್ ಚಂಡಮಾರುತ ಬಾತಿನಾ ಕರಾವಳಿಗೆ ಬಡಿದಾಗ ವಾದಿಗಳು ಹೇಗೆ ಉಕ್ಕಿದವು ಎಂಬುದನ್ನು ಇಲ್ಲಿನ ಯಾರೂ ಮರೆತಿಲ್ಲ. ರುಸ್ತಾಕ್ ವಿಲಾಯತ್ತಿನ ಅಲ್ ಹಜ್ಮ್ ಕೋಟೆಯನ್ನು ನೋಡಿದರೂ ಸಾಕು. 18ನೇ ಶತಮಾನದ ಆರಂಭದ ಈ ಕೋಟೆಯ ಒಳಗೇ ಫಲಜ್, ಅಂದರೆ ನೀರಿನ ಕಾಲುವೆ, ಹರಿಯುತ್ತದೆ. ಗೋಡೆಗೂ ಕಾಲುವೆಗೂ ಸುಟ್ಟ ಮಣ್ಣಿನಿಂದ ಮಾಡುವ ಸರೂಜ್ ಎಂಬ ಗಾರೆ ಬಳಸುವುದು ಒಮಾನಿನ ಹಳೆಯ ಕ್ರಮ. ಇದೇ ವಿಲಾಯತ್ತಿನ ಫಲಜ್ ಅಲ್ ಮುಯಸ್ಸರ್ 2006ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಲ್ಲಿನ ಹಿರಿಯರು ಮೊದಲು ನೀರಿಗೆ ದಾರಿ ಮಾಡಿ ಆಮೇಲೆ ಗೋಡೆ ಎಬ್ಬಿಸಿದರು. ನಾವು ಗೋಡೆಗೆ ಬಣ್ಣ ಬಳಿದು, ನೀರು ಎಲ್ಲಿಂದ ಬರುತ್ತದೆ ಎಂದು ಕೇಳಲೇ ಇಲ್ಲ.

ಮೊದಲು ನೀರು, ಆಮೇಲೆ ಬೋರ್ಡ್

ನಮ್ಮ ಅಭಿಪ್ರಾಯ ಇಷ್ಟೇ: ಮಣ್ಣಿಗೆ ತಾಗಿದ ಗೋಡೆಯನ್ನು ಒಂದು ಪೂರ್ತಿ ಮಳೆಗಾಲ ನೋಡದೆ ಮುಚ್ಚಬಾರದು. ಏಪ್ರಿಲ್‌ನಲ್ಲಿ ಎಲ್ಲ ಗೋಡೆಯೂ ಒಳ್ಳೆಯದೇ. ಆಟಿ ತಿಂಗಳಲ್ಲಿ ನೋಡಿ.

ನೋಡುವುದಕ್ಕೆ ಸುಲಭ ದಾರಿ ಇದೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ, ಗೋಡೆಯ ಕಡೆ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಹನಿ ಕಂಡರೆ ಗಾಳಿಯ ತೇವ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತಿದೆ. ಎರಡಕ್ಕೂ ಮದ್ದು ಬೇರೆ. ಎರಡನೆಯದಕ್ಕೆ ಗಾಳಿಯಾಡುವ ವ್ಯವಸ್ಥೆ, ಫ್ಯಾನು ಸಾಕಾಗಬಹುದು. ಮೊದಲನೆಯದಕ್ಕೆ ಹೊರಗಿನಿಂದಲೇ ಕೆಲಸ ಆಗಬೇಕು.

ನಮ್ಮ ಮನೆಯಲ್ಲಿ ಮಾಡಿನ ನೀರಿನ ಪೈಪು ಸರಿಯಾಗಿ ಆ ಗೋಡೆಯ ನೆತ್ತಿಗೇ ಬೀಳುತ್ತಿತ್ತು! ಅಂಗಳವೂ ಮನೆಯ ಕಡೆಗೇ ವಾಲಿತ್ತು. ಪೈಪನ್ನು ದೂರ ಒಯ್ಯುವುದು, ಅಂಗಳದ ಇಳಿಜಾರು ತಿರುಗಿಸುವುದು, ಗೋಡೆಯ ಹಿಂದೆ ಅಗೆದು ತೂತಿನ ಪೈಪು ಮತ್ತು ಜಲ್ಲಿ ಹಾಕಿ ನೀರನ್ನು ತೋಟಕ್ಕೆ ಬಿಡುವುದು, ಹೊರಮೈಗೆ ನೀರು ತಡೆಯುವ ಲೇಪ ಕೊಡುವುದು: ಇದು ಅಸಲಿ ಕೆಲಸ. “ಒಳಗಿನಿಂದ ಕೆಮಿಕಲ್ ಹೊಡೆದರೆ ಸಾಕು” ಎನ್ನುವವರು ಸಿಗುತ್ತಾರೆ. ಹಿಂದಿನಿಂದ ನೀರು ಒತ್ತುತ್ತಲೇ ಇದ್ದರೆ ಒಳಗಿನ ಲೇಪ ಇವತ್ತಲ್ಲ ನಾಳೆ ಏಳುತ್ತದೆ. ಕೆಂಪುಕಲ್ಲು ನೀರು ಹೀರುವ ಕಲ್ಲು ಎಂಬುದನ್ನು ಮರೆಯಬಾರದು.

ಗೋಡೆ ಒಣಗಿದ ಮೇಲೂ ಚೌಕಟ್ಟು ಬೇಕೇಬೇಕೆಂದರೆ ಕೆಲವು ಮಾತು. ಚೌಕಟ್ಟು ಗೋಡೆಗೆ ತಾಗದೆ ಒಂದೆರಡು ಇಂಚು ಬಿಟ್ಟು ನಿಲ್ಲಲಿ. ಕಂಬಗಳ ನಡುವೆ ಎರಡಡಿಗಿಂತ ಹೆಚ್ಚು ಅಂತರ ಬೇಡ. ಬೋರ್ಡಿನ ಅಗಲ ನಾಲ್ಕಡಿ, ಹಾಗಾಗಿ ಜೋಡಣೆ ಕಂಬದ ಮೇಲೇ ಬರುತ್ತದೆ. ಬೋರ್ಡ್ ನೆಲಕ್ಕೆ ಕೂರದೆ ಅರ್ಧ ಇಂಚು ಮೇಲಿರಲಿ, ಇಲ್ಲದಿದ್ದರೆ ನೆಲ ಒರೆಸಿದ ನೀರನ್ನೂ ಹೀರುತ್ತದೆ. ಸಾಧಾರಣ ಜಿಪ್ಸಂ ಬೇಡ, ಸಿಮೆಂಟ್ ಬೋರ್ಡ್ ಒಳ್ಳೆಯದು. ಹಸಿರು ಬಣ್ಣದ ಬೋರ್ಡ್ ಗಾಳಿಯ ತೇವ ತಾಳುತ್ತದೆ, ಸೋರುವ ನೀರನ್ನಲ್ಲ. ಮರದ ಪಟ್ಟಿ ಬೇಡವೇ ಬೇಡ. ಮುಚ್ಚುವ ಮೊದಲು ವಯರು, ಪೈಪು ಎಲ್ಲಿ ಹೋಗಿದೆ ಎಂದು ಅಳತೆ ಟೇಪ್ ಹಿಡಿದು ಫೋಟೊ ತೆಗೆಸಿ.

ಲೆಕ್ಕದವರ ತಪ್ಪು

ಇನ್ನು ಹಣದ ವಿಷಯ. ಇಲ್ಲಿ ಕಂಪನಿಯ ಲೆಕ್ಕದಲ್ಲಿ ಗುತ್ತಿಗೆದಾರರ ಪ್ರತಿ ಬಿಲ್ಲಿನಿಂದ ಒಂದು ಪಾಲನ್ನು ನಾವೇ ಹಿಡಿದಿಡುತ್ತೇವೆ. ಕೆಲಸ ಮುಗಿದು, ದೋಷದ ಅವಧಿ ಕಳೆದ ಮೇಲೆಯೇ ಅದು ಬಿಡುಗಡೆ. ಸಾವಿರಾರು ರಿಯಾಲಿನ ಬಿಲ್ಲಿಗೆ ಈ ನಿಯಮ ಪಾಲಿಸುವ ನಾವು ಸ್ವಂತ ಮನೆಗೆ ಪಾಲಿಸಲಿಲ್ಲ. ಬಣ್ಣದ ಫೋಟೊ ಬಂದ ಸಂಜೆಯೇ ಪೂರ್ತಿ ಹಣ ಕಳುಹಿಸಿದೆವು. ಮಳೆ ಬಂದ ಮೇಲೆ ಕೆಲಸದವರ ಫೋನು “ವ್ಯಾಪ್ತಿ ಪ್ರದೇಶದ ಹೊರಗೆ” ಹೋಯಿತು. ನೂರಕ್ಕೆ ಹತ್ತು ರೂಪಾಯಿ ಮಳೆಗಾಲ ಕಳೆದ ಮೇಲೆ ಕೊಡುವುದು ಎಂದು ಮೊದಲೇ ಬಾಯಿಬಿಟ್ಟು ಹೇಳಿ, ಕಾಗದದಲ್ಲಿ ಬರೆದಿಡಿ. ಒಳ್ಳೆಯ ಕೆಲಸಗಾರ ಒಪ್ಪುತ್ತಾನೆ.

ಬ್ಯಾಂಕ್ ಮೂಲಕವೇ ಪಾವತಿಸಿ, ಬಿಲ್ ಇಟ್ಟುಕೊಳ್ಳಿ. ಮುಂದೆ ಮನೆ ಮಾರುವ ಸಂದರ್ಭ ಬಂದರೆ ಸುಧಾರಣೆಗೆ ಮಾಡಿದ ವೆಚ್ಚವನ್ನು ಬಂಡವಾಳ ಲಾಭದ ಲೆಕ್ಕದಲ್ಲಿ ಕಳೆಯಬಹುದು. ದಾಖಲೆ ಇಲ್ಲದ ನಗದಿಗೆ ಆ ಬೆಲೆ ಇಲ್ಲ. ನಕ್ಷೆಯಲ್ಲಿ ಉಗ್ರಾಣ, ವಾಹನದ ಜಾಗ ಎಂದಿರುವುದನ್ನು ಬಾಡಿಗೆ ಮನೆ ಮಾಡುವ ಮೊದಲು ಸ್ಥಳೀಯ ಸಂಸ್ಥೆಯಲ್ಲಿ ಕೇಳಿ.

ನಮ್ಮ ಲೆಕ್ಕ ಹೀಗಾಯಿತು: ಕಟ್ಟಿದ್ದಕ್ಕೆ 3,40,000. ಕಿತ್ತು ಸಾಗಿಸಲು 22,000. ಹೊರಗಿನ ಅಗೆತ, ಪೈಪು, ಲೇಪಕ್ಕೆ 1,60,000. ಕೊನೆಯದೊಂದನ್ನೇ ಮೊದಲು ಮಾಡಿದ್ದರೆ ಉಳಿದ ಎರಡು ಇರುತ್ತಿರಲಿಲ್ಲ. ಅಪ್ಪನ ಎರಡು ಮಳೆಗಾಲದ ಕೆಮ್ಮನ್ನು ಯಾವ ಖಾತೆಗೆ ಬರೆಯುವುದು ಎಂದು ನಮಗೆ ಗೊತ್ತಿಲ್ಲ.

ಊರಲ್ಲಿರುವವರಿಗೆ ಒಂದು ಮಾತು

ಈ ಪುಟವನ್ನು ಓದುವವರಲ್ಲಿ ಹೆಚ್ಚಿನವರು ಗಲ್ಫ್‌ನಲ್ಲಿರುವವರ ಅಪ್ಪ ಅಮ್ಮ, ಹೆಂಡತಿ, ಅಕ್ಕ ತಂಗಿಯರು. ನಿಮ್ಮಲ್ಲಿ ನಮ್ಮದೊಂದು ಕೇಳಿಕೆ. ಗೋಡೆ ಒದ್ದೆಯಾಗಿದ್ದರೆ ಒದ್ದೆಯಾಗಿದೆ ಎಂದು ಹೇಳಿ. ನಮಗೆ ಬೇಸರವಾಗುತ್ತದೆ ಎಂದು ಮುಚ್ಚಿಡಬೇಡಿ. ನಾವೂ ಇದರಲ್ಲಿ ಸಾಚಾಗಳಲ್ಲ. ಸಂಬಳ ಎರಡು ತಿಂಗಳು ತಡವಾದದ್ದು, ಬೆನ್ನು ನೋವಿಗೆ ಮಾತ್ರೆ ನುಂಗುತ್ತಿರುವುದು, ಇವನ್ನೆಲ್ಲ ನಾವೂ ನಿಮಗೆ ಹೇಳುವುದಿಲ್ಲ. ಹೀಗೆ ಎರಡು ಕಡೆಯವರೂ ಒಬ್ಬರಿಗೊಬ್ಬರು ಚಂದದ ಫೋಟೊ ಕಳುಹಿಸುತ್ತಾ ಇದ್ದರೆ ಯಾವುದನ್ನೂ ಹೊತ್ತಿಗೆ ಸರಿಯಾಗಿ ರಿಪೇರಿ ಮಾಡಲು ಆಗುವುದಿಲ್ಲ. ಮೊದಲ ಮಳೆಗೇ ಅಮ್ಮ ಒಂದು ಮಾತು ಹೇಳಿದ್ದರೆ ಪೈಪು ತಿರುಗಿಸಲು ಒಂದು ದಿನದ ಕೆಲಸ ಸಾಕಿತ್ತು. ಅವರು ಹೇಳಬಹುದು ಎನಿಸುವಂತೆ ನಾವು ಮಾತನಾಡಿದ್ದೆವೇ ಎಂಬುದೂ ಪ್ರಶ್ನೆಯೇ. ಪ್ರತಿ ಕರೆಯಲ್ಲೂ “ಖರ್ಚು ಎಷ್ಟಾಯಿತು” ಎಂದು ಕೇಳಿದವರು ನಾವು. “ಅಲ್ಲಿ ನಿದ್ದೆ ಬರುತ್ತದಾ” ಎಂದು ಒಮ್ಮೆಯೂ ಕೇಳಿರಲಿಲ್ಲ.

ಈಗ ಅಂಗಳದ ಕಡೆಯ ಗೋಡೆ ಬರಿಯ ಕೆಂಪುಕಲ್ಲಾಗಿಯೇ ಇದೆ. ಅದನ್ನು ಮುಚ್ಚುವ ಯೋಚನೆ ಬಿಟ್ಟಿದ್ದೇವೆ. ಉಳಿದ ಮೂರು ಗೋಡೆಗೆ ಸುಣ್ಣ ಬಳಿಸಿದ್ದಾಯಿತು. ಅಪ್ಪ ಮೇಲಿನ ಕೋಣೆಗೆ ಬಂದಿದ್ದಾರೆ, ಕೆಮ್ಮು ಇಳಿದಿದೆ. ಕೆಳಗೆ ಮತ್ತೆ ತೆಂಗಿನಕಾಯಿ, ಸೌದೆ ಬಂದಿವೆ. ಕಳೆದ ಆಟಿಯಲ್ಲಿ ಒಂದು ಶುಕ್ರವಾರ ಅಮ್ಮ ತಾವಾಗಿಯೇ ಫೋನು ಹಿಡಿದು ಮೆಟ್ಟಿಲಿಳಿದು ಹೋದರು. ಗೋಡೆಯ ಬುಡಕ್ಕೆ ಟಾರ್ಚ್ ಬಿಟ್ಟು, “ಇಲ್ಲಿ ಒಂದು ಮೂಲೆಯಲ್ಲಿ ಸ್ವಲ್ಪ ಪಸೆ ಉಂಟು, ನೋಡಿ” ಎಂದರು. ನೋಡಿದೆವು. ಆ ಮೂಲೆಯ ಕೆಲಸಕ್ಕೆ ಮೇಸ್ತ್ರಿ ನವರಾತ್ರಿ ಕಳೆದು ಬರುವುದೆಂದು ಮಾತಾಗಿದೆ.