ಮರಳಿ ಬಂದ ಮೊಮ್ಮಕ್ಕಳಿಗೆ ಕೌಂಟರಿಗೊಂದು ಗುರುತು

ಬಸವೇಶ್ವರನಗರದ ಸಿದ್ದಯ್ಯ ಪುರಾಣಿಕ ರಸ್ತೆಯಿಂದ ಯಾವ ಕ್ರಾಸಿಗೆ ತಿರುಗಿದರೂ, ಮಕ್ಕಳು ಹೊರದೇಶದಲ್ಲಿರುವ ಒಂದಾದರೂ ಮನೆ ಸಿಗುತ್ತದೆ. ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು ಕಟ್ಟಿಸಿದ ಮನೆಗಳು ಇವು. ಅವರ ಮಕ್ಕಳು ಇಂಜಿನಿಯರಿಂಗ್ ಓದಿ ಅಮೆರಿಕಕ್ಕೋ ದುಬೈಗೋ ಕುವೈತಿಗೋ ಹೋದರು. ಈಗ ಅಲ್ಲಿ ಹುಟ್ಟಿದ ಮೊಮ್ಮಕ್ಕಳು ಒಬ್ಬೊಬ್ಬರಾಗಿ ಮರಳುತ್ತಿದ್ದಾರೆ. ಅಪ್ಪನ ಕೆಲಸ ಹೋಯಿತೆಂದು ಬಂದವರಿದ್ದಾರೆ, ಅಜ್ಜಿಯನ್ನು ನೋಡಿಕೊಳ್ಳಲು ಬಂದವರಿದ್ದಾರೆ, ಇಲ್ಲಿಯೇ ಓದುತ್ತೇನೆ, ಇಲ್ಲಿಯೇ ದುಡಿಯುತ್ತೇನೆ ಎಂದು ಮನಸ್ಸು ಮಾಡಿ ಬಂದವರೂ ಇದ್ದಾರೆ.

ಬಂದ ಕೆಲವೇ ತಿಂಗಳಲ್ಲಿ ಅವರ ಮುಖ ಬಾಡುವುದನ್ನು ಮನೆಯವರು ಗಮನಿಸುತ್ತಾರೆ. ‘ಇವನಿಗೆ ಇಲ್ಲಿ ಏನು ಕಡಿಮೆಯಾಗಿದೆ? ಸ್ವಂತ ಮನೆ ಇದೆ, ಹೊತ್ತು ಹೊತ್ತಿಗೆ ಊಟ ಇದೆ’ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಧೂಳು, ಟ್ರಾಫಿಕ್ಕು, ಸೆಕೆ ಎಂದು ಕಾರಣ ಹುಡುಕುತ್ತಾರೆ. ಆದರೆ ಅದಕ್ಕೆಲ್ಲ ಅವರು ಬೇಗ ಒಗ್ಗಿಕೊಳ್ಳುತ್ತಾರೆ. ಅವರನ್ನು ನಿಜವಾಗಿ ಕುಗ್ಗಿಸುವುದು ಬೇರೆ. ಒಬ್ಬನೇ ಹುಡುಗನನ್ನು ಇಲ್ಲಿನ ಒಂದೊಂದು ಕಚೇರಿಯೂ ಒಂದೊಂದು ಪ್ರಶ್ನೆ ಕೇಳಿ ಅಳೆಯುತ್ತದೆ. ಒಂದು ಕಡೆ ನಮ್ಮವನಾದವನು ಇನ್ನೊಂದು ಕಡೆ ಪರದೇಶಿಯಾಗುತ್ತಾನೆ. ಹೀಗೇಕೆ ಎಂದು ಬಿಡಿಸಿ ಹೇಳುವವರು ಅವನಿಗೆ ಸಿಗುವುದಿಲ್ಲ, ಏಕೆಂದರೆ ಮನೆಯ ಹಿರಿಯರಿಗೂ ಅದು ಗೊತ್ತಿರುವುದಿಲ್ಲ.

ಮೊದಲ ಪ್ರಶ್ನೆ, ಕೈಯಲ್ಲಿರುವ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು. ಕೊಲ್ಲಿ ರಾಷ್ಟ್ರಗಳು ತಮ್ಮ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವುದಿಲ್ಲ. ಹಾಗಾಗಿ ಕುವೈತಿನಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗಿ ಕೊನೆಯವರೆಗೂ ಭಾರತದ ಪ್ರಜೆಯಾಗಿಯೇ ಇರುತ್ತಾಳೆ. ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯಡಿ ಅಲ್ಲಿ ಹುಟ್ಟಿದ ಮಗು ಅಲ್ಲಿನ ಪ್ರಜೆ. ಭಾರತವು ಎರಡು ದೇಶಗಳ ಪೌರತ್ವವನ್ನು ಒಟ್ಟಿಗೆ ಹೊಂದಲು ಬಿಡುವುದಿಲ್ಲ. ಹೀಗೆ ವಿದೇಶಿ ಪೌರತ್ವ ಪಡೆದ ಮಕ್ಕಳಿಗಾಗಿ ಇರುವುದೇ ಒಸಿಐ, ಅಂದರೆ ಸಾಗರೋತ್ತರ ಭಾರತೀಯ ಪೌರರ ಕಾರ್ಡು. 2005ರ ಪೌರತ್ವ ತಿದ್ದುಪಡಿಯಿಂದ ಇದು ಜಾರಿಗೆ ಬಂತು; 2015ರ ಜನವರಿಯಲ್ಲಿ ಭಾರತೀಯ ಮೂಲದವರಿಗಿದ್ದ ಹಳೆಯ ಪಿಐಒ ಕಾರ್ಡನ್ನೂ ಇದರೊಳಗೇ ಸೇರಿಸಿದರು. ಇದು ಜೀವನಪೂರ್ತಿ ಬಂದುಹೋಗಲು ಕೊಡುವ ವೀಸಾ ಇದ್ದಂತೆ. ಎಷ್ಟು ವರ್ಷ ಬೇಕಾದರೂ ಇಲ್ಲಿ ಇರಬಹುದು, ಸಾಮಾನ್ಯವಾದ ಬಹುತೇಕ ಉದ್ಯೋಗಗಳನ್ನು ಮಾಡಬಹುದು, ಮನೆ ಕೊಳ್ಳಬಹುದು, ಹಂಪಿಯ ಸ್ಮಾರಕಗಳಲ್ಲಿ ಭಾರತೀಯರಷ್ಟೇ ಪ್ರವೇಶ ಶುಲ್ಕ ಕೊಡಬಹುದು. ಆದರೆ ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ, ತುಮಕೂರಿನ ಕಡೆ ಅಜ್ಜನ ಹೊಲ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಪಕ್ಕದ ಒಂದು ಗುಂಟೆಯನ್ನು ದುಡ್ಡು ಕೊಟ್ಟು ಸೇರಿಸಿಕೊಳ್ಳಲಾಗದು.

ಎರಡನೆಯ ಪ್ರಶ್ನೆ ಆಧಾರ್‌ನದು. ಅದು ಪಾಸ್‌ಪೋರ್ಟಿನ ಜೊತೆಗೆ ದಿನಗಳನ್ನೂ ಎಣಿಸುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಬಂದ ಕೂಡಲೇ ಅರ್ಜಿ ಹಾಕಬಹುದು. 2019ರ ಬಜೆಟ್ಟಿನಲ್ಲಿ ಘೋಷಿಸಿ ಅವರಿಗಿದ್ದ ಕಾಯುವಿಕೆಯನ್ನು ತೆಗೆದರು. ಒಸಿಐ ಕಾರ್ಡಿನವರು ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಅಂದರೆ ಅರ್ಧ ವರ್ಷ ಆಧಾರ್ ಇಲ್ಲದೆ ಕಳೆಯಬೇಕು. ನಮಗೆ ಇದು ಸಣ್ಣ ಸಂಗತಿ ಎನಿಸಬಹುದು. ಆದರೆ ಇವತ್ತು ಬೆಂಗಳೂರಿನಲ್ಲಿ ಸಿಮ್ ಕಾರ್ಡು, ಬ್ಯಾಂಕ್ ಖಾತೆ, ಗ್ಯಾಸು, ಬಾಡಿಗೆ ಕರಾರು ಎಲ್ಲಕ್ಕೂ ಮೊದಲು ಕೇಳುವುದೇ ಆಧಾರ್. ಪಾಸ್‌ಪೋರ್ಟ್ ತೋರಿಸಿ ಸಿಮ್ ಪಡೆಯಲು ಅವಕಾಶ ಇದೆ, ಆದರೆ ಅಂಗಡಿಯವನಿಗೆ ಆ ವಿಧಾನ ಗೊತ್ತಿರುವುದು ಅಪರೂಪ. ಇಲ್ಲಿನ ನಂಬರಿಲ್ಲದಿದ್ದರೆ ಓಟಿಪಿ ಇಲ್ಲ. ಖಾತೆ, ನಂಬರು ಎರಡೂ ಸರಿಹೋಗುವ ತನಕ ಯುಪಿಐ ಇಲ್ಲ. ಹವನೂರು ಸರ್ಕಲ್ ಹತ್ತಿರ ಎಳನೀರು ಕುಡಿದು ಹಣ ಕೊಡಲೂ ಇಪ್ಪತ್ತು ವರ್ಷದ ಹುಡುಗ ಅಜ್ಜನನ್ನು ಕರೆದುಕೊಂಡು ಹೋಗುವ ಸ್ಥಿತಿ. ತನ್ನ ಕಾಲ ಮೇಲೆ ನಿಂತಿದ್ದವನು ಇದ್ದಕ್ಕಿದ್ದಂತೆ ಮಗುವಾಗಿಬಿಡುತ್ತಾನೆ. ಈ ಪರಾಧೀನತೆ ಎಷ್ಟು ನೋಯಿಸುತ್ತದೆ ಎಂಬುದನ್ನು ನಾವು ತೀರಾ ಹಗುರವಾಗಿ ಕಾಣುತ್ತೇವೆ.

ಬ್ಯಾಂಕಿನಲ್ಲಿ ಗೊಂದಲ ಇನ್ನೂ ಹೆಚ್ಚು. ವಿದೇಶಿ ವಿನಿಮಯದ ಕಾನೂನಾದ ಫೆಮಾ ನೋಡುವುದು ಪೌರತ್ವವನ್ನಲ್ಲ, ವಾಸವನ್ನು. ಉದ್ಯೋಗಕ್ಕಾಗಿ ಅಥವಾ ಎಷ್ಟು ದಿನ ಎಂದು ನಿಗದಿಯಿಲ್ಲದೆ ನೆಲೆಸಲು ಬಂದವರು ಆ ಕಾನೂನಿನ ಕಣ್ಣಿಗೆ ನಿವಾಸಿಗಳು. ಆದರೆ ನೀಲಿ ಬಣ್ಣದ ಅಮೆರಿಕನ್ ಪಾಸ್‌ಪೋರ್ಟ್ ನೋಡಿದ ಕೂಡಲೇ ಕೌಂಟರಿನವರು ಅನಿವಾಸಿ ಖಾತೆಯ ಫಾರಂ ಮುಂದಿಡುವುದುಂಟು. ಆದಾಯ ತೆರಿಗೆಯವರ ಅಳತೆ ಮತ್ತೊಂದು: ಮುಖ್ಯವಾಗಿ, ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೋ ಇಲ್ಲವೋ ಎಂಬುದು. ಇದಲ್ಲದೆ ಅಮೆರಿಕವು ತನ್ನ ಪ್ರಜೆ ಭೂಮಿಯ ಯಾವ ಮೂಲೆಯಲ್ಲಿದ್ದರೂ ಅವನಿಂದ ಲೆಕ್ಕ ಕೇಳುತ್ತದೆ. ಕೆಎಚ್‌ಬಿ ಕಾಲೋನಿಯ ಮನೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗಿ, ಆದಾಯ ಮಿತಿ ದಾಟಿದರೆ ಅಲ್ಲಿಗೂ ರಿಟರ್ನ್ ಸಲ್ಲಿಸಬೇಕು. ಅಮೆರಿಕದ ಹೊರಗಿನ ಅವಳ ಖಾತೆಗಳಲ್ಲಿ ವರ್ಷದ ಯಾವುದೇ ಹೊತ್ತಿನಲ್ಲಿ ಒಟ್ಟು 10,000 ಡಾಲರ್ ದಾಟಿದರೆ ಅದನ್ನೂ ಪ್ರತ್ಯೇಕವಾಗಿ ತಿಳಿಸಬೇಕು. ಎರಡು ಬಾರಿ ತೆರಿಗೆ ಬೀಳದಂತೆ ಎರಡೂ ದೇಶಗಳ ನಡುವೆ ಒಪ್ಪಂದವಿದೆ, ಆದರೆ ಲೆಕ್ಕ ಒಪ್ಪಿಸುವುದು ತಪ್ಪುವುದಿಲ್ಲ. ಮೊಮ್ಮಗಳ ಹೆಸರನ್ನು ತಮ್ಮ ಠೇವಣಿಗೆ ಪ್ರೀತಿಯಿಂದ ಸೇರಿಸುವ ಅಜ್ಜಂದಿರಿಗೆ ಇದನ್ನು ಮುಂಚೆಯೇ ಹೇಳುವುದು ಒಳ್ಳೆಯದು.

ಅತಿ ದೊಡ್ಡ ಏಟು ಬೀಳುವುದು ಕಾಲೇಜು ಸೀಟಿನ ವಿಷಯದಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟು ಹಂಚುವುದು ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅದು ಕೇಳುವ ಪ್ರಶ್ನೆ ‘ನೀನು ಎಲ್ಲಿ ಓದಿದೆ?’ ಎಂಬುದು. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂಬುದು ಮುಖ್ಯ ನಿಯಮ. ಕುವೈತಿನಿಂದ ಹತ್ತನೇ ತರಗತಿ ಮುಗಿಸಿ ಬಂದ ಹುಡುಗಿ ಅಪ್ಪಟ ಭಾರತದ ಪ್ರಜೆ, ಮನೆಮಾತು ಕನ್ನಡ, ಆದರೂ ಈ ನಿಯಮದಡಿ ಅವಳು ಹೊರಗಿನವಳು. ಅವಳಂಥವರಿಗೆ ಒಂದು ದಾರಿ ಇದೆ: ಪಿಯುಸಿಯ ಎರಡೂ ವರ್ಷ ಇಲ್ಲಿಯೇ ಓದಿ ಪಾಸಾಗಿ, ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ದಾಖಲೆ ತೋರಿಸುವುದು. ಅಪ್ಪ ರಾಜಾಜಿನಗರದ ಶಾಲೆಯಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ತೆಗೆದಿಟ್ಟರೆ ಮಗಳ ಭವಿಷ್ಯಕ್ಕೆ ಅದರಿಂದ ಎಷ್ಟು ಉಪಕಾರವೆಂದು ಬಹಳ ಮನೆಗಳಿಗೆ ಗೊತ್ತಿಲ್ಲ. ಶಾಲೆಗಳು ಮುಚ್ಚುತ್ತವೆ, ರಿಜಿಸ್ಟರುಗಳು ಗೆದ್ದಲು ಹಿಡಿಯುತ್ತವೆ. ಅರ್ಜಿ ಹಾಕುವ ವಾರದಲ್ಲಿ ಓಡಾಡಿದರೆ ಸಿಗುವುದು ಕಷ್ಟ.

ಒಸಿಐ ಮಕ್ಕಳ ಕಥೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆ ಇವರನ್ನು ಭಾರತೀಯ ಪ್ರಜೆಗಳಂತೆಯೇ ಪರಿಗಣಿಸಬೇಕು ಎಂದು ಕರ್ನಾಟಕ ಹೈಕೋರ್ಟ್ 2020ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಮೂರೇ ತಿಂಗಳಲ್ಲಿ, 2021ರ ಮಾರ್ಚ್ 4ರಂದು, ಕೇಂದ್ರ ಗೃಹ ಸಚಿವಾಲಯ ಹೊಸ ಅಧಿಸೂಚನೆ ಹೊರಡಿಸಿತು: ನೀಟ್, ಜೆಇಇಯಂಥ ಪರೀಕ್ಷೆ ಬರೆಯಬಹುದು, ಆದರೆ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟಿಗೆ ಮಾತ್ರ, ಭಾರತೀಯರಿಗೇ ಮೀಸಲಾದ ಸೀಟಿಗಲ್ಲ. ಎನ್‌ಆರ್‌ಐ ಸೀಟಿನ ಶುಲ್ಕ ಸಾಮಾನ್ಯ ಸಂಬಳದ ಮನೆಗೆ ನಿಲುಕುವಂಥದ್ದಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಫೆಬ್ರುವರಿ 3ರಂದು ಅದು, ಅಧಿಸೂಚನೆ ಮುಂದಿನವರಿಗೆ ಮಾತ್ರ ಅನ್ವಯ, ಅದು ಹೊರಬೀಳುವ ಮೊದಲೇ ಕಾರ್ಡು ಪಡೆದವರ ಹಕ್ಕು ಹೋಗುವುದಿಲ್ಲ ಎಂದಿತು.

ಇದರ ಪರಿಣಾಮ ಏನೆಂದು ಒಂದು ಮನೆಯನ್ನು ಕಲ್ಪಿಸಿಕೊಂಡು ನೋಡಿ. ಅಕ್ಕನ ಕಾರ್ಡು 2015ರದು, ತಮ್ಮನದು 2022ರದು. ಒಂದೇ ತಂದೆತಾಯಿ, ಒಂದೇ ಊಟದ ಮೇಜು, ಒಂದೇ ಪಿಯು ಕಾಲೇಜು. ಅಕ್ಕ ಸಾಮಾನ್ಯ ಸೀಟಿಗೆ ಸ್ಪರ್ಧಿಸಬಹುದು, ತಮ್ಮ ಸ್ಪರ್ಧಿಸುವಂತಿಲ್ಲ. ಸೀಮಿತವಾದ ಸೀಟುಗಳಲ್ಲಿ ತನ್ನ ಪ್ರಜೆಗಳಿಗೆ ಮೊದಲ ಆದ್ಯತೆ ಕೊಡುವುದು ಸರ್ಕಾರದ ಹಕ್ಕು, ಅದನ್ನು ನಾನು ಒಪ್ಪುತ್ತೇನೆ. ಹಾವೇರಿಯ ಹಳ್ಳಿಯೊಂದರಲ್ಲಿ ಓದಿದ ಮಗುವಿನ ಪಾಲಿನ ಸೀಟನ್ನು ಕಿತ್ತು ಇವರಿಗೆ ಕೊಡಿ ಎಂದು ಯಾರೂ ಹೇಳಲಾರರು. ಆದರೆ ಪ್ರೌಢಶಾಲೆ, ಪಿಯುಸಿ ಎರಡನ್ನೂ ಇಲ್ಲಿಯೇ ಓದಿದ ಮಗುವನ್ನು ಕಾರ್ಡಿನ ದಿನಾಂಕ ನೋಡಿ ಬೇರ್ಪಡಿಸುವುದು ನ್ಯಾಯವಲ್ಲ. ಇಷ್ಟು ವರ್ಷ ಇಲ್ಲಿ ಓದಿದವರು ಎಂಬ ಅಳತೆ ಕೆಇಎ ಹತ್ತಿರ ಈಗಾಗಲೇ ಇದೆ. ಅದೇ ಅಳತೆಯನ್ನು ಇವರಿಗೂ ಇಟ್ಟರೆ ಯಾರಿಗೂ ಅನ್ಯಾಯವಾಗದು.

ಕಚೇರಿಗಳಾಚೆ, ರಸ್ತೆ ಕೇಳುವ ಪ್ರಶ್ನೆಯೊಂದಿದೆ. ಅದು ಭಾಷೆಯದು. ಈ ಮಕ್ಕಳಿಗೆ ಕನ್ನಡ ಬರುತ್ತದೆ, ಆದರೆ ಬರುವುದು ಅಡುಗೆಮನೆಯ ಕನ್ನಡ. ‘ಬಾ’, ‘ಕೊಡು’, ‘ಏನು ಮಾಡ್ತಿದೀಯ?’ ಎಂದು ಅಪ್ಪ ಅಮ್ಮ ತಮ್ಮೊಡನೆ ಆಡಿದ ಮಾತನ್ನೇ ಅವರು ಕಲಿತಿದ್ದಾರೆ. ‘ಬನ್ನಿ’, ‘ಕೊಡಿ’, ‘ನೀವು’ ಎಂಬುದು ಕಿವಿಗೆ ಬಿದ್ದಿದ್ದು ಕಡಿಮೆ. ಆಟೋದವರಿಗೆ ‘ನೀನು ವಿಜಯನಗರಕ್ಕೆ ಬರ್ತೀಯಾ?’ ಎಂದರೆ ಅವರಿಗೆ ಸಿಟ್ಟು ಬರುವುದು ಸಹಜ. ಏನು ತಪ್ಪಾಯಿತೆಂದು ಹುಡುಗನಿಗೆ ತಿಳಿಯುವುದಿಲ್ಲ, ಎರಡು ಬಾರಿ ಬೈಸಿಕೊಂಡ ಮೇಲೆ ಇಂಗ್ಲಿಷಿಗೆ ತಿರುಗುತ್ತಾನೆ. ಆಗ ‘ನೋಡಿ, ಕನ್ನಡ ಬಂದರೂ ಮಾತಾಡಲ್ಲ, ಜಂಬ’ ಎಂಬ ಹೆಸರು ಅಂಟುತ್ತದೆ. ಓದಲು, ಬರೆಯಲು ಬಹುತೇಕರಿಗೆ ಬರುವುದಿಲ್ಲ. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರಲ್ಲಿ ಬಂದು, 2017–18ರಿಂದ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಹಂತಹಂತವಾಗಿ ಕನ್ನಡ ಸೇರಿತು. ಇದು ಒಳ್ಳೆಯ ಕಾನೂನು. ಆದರೆ ಏಳನೇ ತರಗತಿಗೆ ನೇರವಾಗಿ ಬಂದು ಸೇರಿದ ಮಗು, ಆರು ವರ್ಷ ಅಕ್ಷರ ಕಲಿತವರ ನಡುವೆ ಕುಳಿತುಕೊಳ್ಳುತ್ತದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ನಡೆಸುವ ತರಗತಿಗಳು ಕನ್ನಡವೇ ಬಾರದವರಿಗಾಗಿ ರೂಪಿಸಿದವು. ಮಾತು ಬರುವ, ಅಕ್ಷರ ಬಾರದ, ಬಹುವಚನ ತಿಳಿಯದ ಯುವಕರಿಗೆ ಬೇಕಾದ್ದು ಬೇರೆಯೇ ಪಾಠ. ನಿವೃತ್ತ ಶಿಕ್ಷಕರು ಇಷ್ಟೊಂದು ಜನ ಇರುವ ನಮ್ಮ ಬಡಾವಣೆಯಲ್ಲಿ ವಾರಕ್ಕೆರಡು ಸಂಜೆ ಇಂಥ ಪಾಠ ಶುರುಮಾಡುವುದು ಯಾವ ಸರ್ಕಾರಿ ಆದೇಶಕ್ಕೂ ಕಾಯಬೇಕಾದ ಕೆಲಸವಲ್ಲ.

‘ಏನಪ್ಪಾ, ಯಾವಾಗ ವಾಪಸ್ ಹೋಗೋದು?’ ಎಂಬ ಪ್ರಶ್ನೆಯನ್ನಂತೂ ನಾವು ಬಿಟ್ಟುಬಿಡಬೇಕು. ಅಕ್ಕರೆಯಿಂದಲೇ ಕೇಳುತ್ತೇವೆ, ನಿಜ. ಇರಲು ಬಂದವರಿಗೆ ಅದು ‘ನೀನು ಇಲ್ಲಿಯವನಲ್ಲ’ ಎಂದು ಕೇಳಿಸುತ್ತದೆ.

ಬೇರೆ ದೇಶಗಳಲ್ಲೂ ಮರಳಿದವರ ಬದುಕು ಸಲೀಸಲ್ಲ. 1991ರಲ್ಲಿ ಸೋಮಾಲಿಯಾದ ಸರ್ಕಾರ ಕುಸಿದಾಗ ಲಕ್ಷಾಂತರ ಜನ ಕೀನ್ಯಾ, ಬ್ರಿಟನ್, ಅಮೆರಿಕಗಳಿಗೆ ಚದುರಿದರು. ಅವರ ಮಕ್ಕಳು ಈಗ ಮೊಗದಿಶುವಿಗೆ ಮರಳುತ್ತಿದ್ದಾರೆ. ಅವರ ಮಾತಿನ ಧಾಟಿ, ಉಡುಪು ಅಲ್ಲಿಯೂ ಟೀಕೆಗೆ ಗುರಿ. ಕಷ್ಟಕಾಲದಲ್ಲಿ ಊರಲ್ಲೇ ಉಳಿದವರಿಗೆ, ಹೊರಗಿನಿಂದ ಬಂದು ಒಳ್ಳೆಯ ಕೆಲಸ ಹಿಡಿಯುವವರ ಮೇಲೆ ಅಸಮಾಧಾನವೂ ಇದೆ. ಆದರೆ ಕಾನೂನಿನ ಬಾಗಿಲು ಅಲ್ಲಿ ತೆರೆದಿದೆ. 2012ರ ತಾತ್ಕಾಲಿಕ ಸಂವಿಧಾನದ ಪ್ರಕಾರ, ಬೇರೆ ದೇಶದ ಪ್ರಜೆಯಾದರೂ ಸೋಮಾಲಿ ಪೌರತ್ವ ಹೋಗುವುದಿಲ್ಲ. 2017ರಲ್ಲಿ ಅಧ್ಯಕ್ಷರಾದ ಮೊಹಮದ್ ಅಬ್ದುಲ್ಲಾಹಿ ಫರ್ಮಾಜೊ ಅಮೆರಿಕದ ಪೌರರೂ ಆಗಿದ್ದರು. ಅದನ್ನು ಅವರು ಬಿಟ್ಟಿದ್ದು 2019ರಲ್ಲಿ. ಭಾರತ ಅದೇ ದಾರಿ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಒಂದೇ ಪೌರತ್ವ ಎಂಬ ನಮ್ಮ ನಿಲುವಿಗೆ ಅದರದೇ ಕಾರಣಗಳಿವೆ. ಆದರೆ ಆ ನಿಲುವಿನಿಂದ ಹುಟ್ಟುವ ತೊಡಕುಗಳನ್ನು ಇಪ್ಪತ್ತು ವರ್ಷದ ಮಗುವೇ ಒಬ್ಬಂಟಿಯಾಗಿ ಬಿಡಿಸಿಕೊಳ್ಳಲಿ ಎನ್ನುವುದು ಸರಿಯಲ್ಲ.

ನಮ್ಮ ಕಾನೂನಿನಲ್ಲೂ ಪೂರ್ತಿ ಮರಳುವ ದಾರಿ ಇದೆ. ಒಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲಿ ವಾಸವಿದ್ದ ವಯಸ್ಕರು 1955ರ ಪೌರತ್ವ ಕಾಯ್ದೆಯ 5ನೇ ಸೆಕ್ಷನ್ನಿನಡಿ ಭಾರತದ ಪ್ರಜೆಯಾಗಲು ಅರ್ಜಿ ಹಾಕಬಹುದು. ಹುಟ್ಟಿದ ದೇಶದ ಪೌರತ್ವವನ್ನು ಬಿಡಬೇಕಾಗುತ್ತದೆ. ಅದು ಬಹು ದೊಡ್ಡ ನಿರ್ಧಾರ. ಅಜ್ಜಿಯ ಆಸೆಗಾಗಲಿ, ಸೀಟಿನ ಅವಸರಕ್ಕಾಗಲಿ ಮಾಡುವಂಥದ್ದಲ್ಲ. ಇಂಥ ದಾರಿಯೊಂದಿದೆ ಎಂಬ ಮಾಹಿತಿಯಾದರೂ ಅವರಿಗೆ ಸಿಗಬೇಕು. ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಹೊರಗಿರುವವರ ಹಿತ ನೋಡುವ ಅದು, ಮರಳಿ ಬಂದವರಿಗಾಗಿಯೂ ಒಂದು ಸಹಾಯ ಕೇಂದ್ರ ತೆರೆಯಲಿ; ಆಧಾರ್, ಬ್ಯಾಂಕು, ತೆರಿಗೆ, ಸೀಟು, ಪೌರತ್ವದ ನಿಯಮಗಳನ್ನೆಲ್ಲ ಒಂದೇ ಕನ್ನಡ ಕೈಪಿಡಿಯಲ್ಲಿ ಅಚ್ಚು ಹಾಕಿ ಬೆಂಗಳೂರು ಒನ್ ಕೇಂದ್ರಗಳಲ್ಲಿ ಇಡಲಿ. ಅದು ಬರುವವರೆಗೆ, ಮೊಮ್ಮಕ್ಕಳು ವಿಮಾನ ಹತ್ತುವ ಮೊದಲೇ ಅವರ ಒಸಿಐ ಕಾರ್ಡಿನ ದಿನಾಂಕ, ಶಾಲೆಯ ವರ್ಗಾವಣೆ ಪತ್ರ, ಅಪ್ಪ ಅಮ್ಮನ ಏಳು ವರ್ಷದ ವ್ಯಾಸಂಗದ ದಾಖಲೆ, ಈ ಮೂರನ್ನು ಇಲ್ಲಿನ ಹಿರಿಯರು ಕೇಳಿ ತಿಳಿದುಕೊಂಡಿರಲಿ.