ಗೂಡಿನ ಪಾಠ, ಜಗುಲಿಯ ಪಾಠ

ಅಮೆರಿಕೆಯ ಟೆಕ್ಸಾಸ್ ಸಂಸ್ಥಾನದಲ್ಲಿ 1970ರಲ್ಲಿ ಡೊನಾಲ್ಡ್ ಹೋವರ್ಡ್ ಎಂಬ ಪಾದ್ರಿಗಳು ಕ್ರೈಸ್ತ ಖಾಸಗಿ ಶಾಲೆಗಳಿಗೆಂದು ಹೊಸ ಪದ್ಧತಿಯೊಂದನ್ನು ಆರಂಭಿಸಿದರು. ಇಂದು ಅದು ಹಲವು ದೇಶಗಳಿಗೆ ಹಬ್ಬಿದೆ. ಅಲ್ಲಿ ಉಪಾಧ್ಯಾಯರು ನಿಂತು ಪಾಠ ಹೇಳುವ ಕ್ರಮವಿಲ್ಲ. ಮಗುವು ಇಕ್ಕೆಲಗಳಲ್ಲಿ ಹಲಗೆಯ ಮರೆಯುಳ್ಳ ಮೇಜಿನೆದುರು ಕುಳಿತು, ಕಿರುಹೊತ್ತಗೆಗಳನ್ನು ತನ್ನದೇ ವೇಗದಲ್ಲಿ ಓದಿ, ಉತ್ತರಗಳನ್ನು ತಾನೇ ತಾಳೆನೋಡಿಕೊಳ್ಳಬೇಕು. ಸಂದೇಹ ಬಂದರೆ ಪುಟ್ಟ ಬಾವುಟವೊಂದನ್ನು ಏರಿಸಿ ಕಾಯಬೇಕು.

ಮಂದಗತಿಯ ಮಗುವಿಗೆ ಅವಮಾನವಿಲ್ಲ, ಚುರುಕಾದ ಮಗು ಇತರರಿಗಾಗಿ ಕಾಯಬೇಕಾಗಿಲ್ಲ, ಜೊತೆಗೆ ಶಿಸ್ತು ಹಾಗೂ ದೈವಭಕ್ತಿ ಎಂದು ಅದನ್ನು ಮೆಚ್ಚುವ ತಂದೆತಾಯಂದಿರು ಹೇಳುತ್ತಾರೆ. ಬಿಟ್ಟ ಸ್ಥಳವನ್ನು ತುಂಬುವುದೇ ವಿದ್ಯೆಯೆ? ಎಂಬುದು ವಿರೋಧಿಗಳ ಪ್ರಶ್ನೆ. ಜೀವವಿಕಾಸವಾದವನ್ನು ಅಲ್ಲಗಳೆಯಲು ಲಾಕ್ ನೆಸ್ ಸರೋವರದ ವಿಚಿತ್ರಪ್ರಾಣಿಯನ್ನೇ ಸಾಕ್ಷಿಗೆ ಕರೆದ ಪಠ್ಯವೊಂದು ನಗೆಪಾಟಲಾದುದೂ ಉಂಟು.

ಇದು ಕಡಲಾಚೆಯ ಮಾತೆಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ವಾಚಕರು ಪುಟ ತಿರುವಬಾರದು. ಈ ಸೀಮೆಯನ್ನೊಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯಂತೆ ಇಲ್ಲಿ 533 ಶಾಲೆಗಳಿದ್ದವು, 235 ಕನ್ನಡದವು. ವಿದ್ಯಾರ್ಥಿಗಳು 6,641, ಹುಡುಗಿಯರು ಕೇವಲ 60.

ನಮ್ಮ ಹಿರಿಯರು ಕೂಲಿಮಠವೆಂದು ಕರೆಯುತ್ತಿದ್ದುದು ಇಂಥ ಶಾಲೆಗಳನ್ನೇ. ಶಿಸ್ತಿಗೇನೂ ಕೊರತೆಯಿರಲಿಲ್ಲ. ಮುಂಜಾನೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಏರಿಕೆ. (ಕೊನೆಗೆ ಬಂದವನ ಗತಿಯನ್ನು ವಾಚಕರೇ ಊಹಿಸಿಕೊಳ್ಳಲಿ!) ಸೋಮಾರಿಗೆ ಬಸ್ಕಿ, ಇಲ್ಲವೆ ಕೈಕಟ್ಟಿ ಮಾಡಿಗೆ ನೇತುಹಾಕುವ ಕೋದಂಡ.

ಈ ಕ್ರೌರ್ಯದ ನಡುವೆಯೂ ಒಂದು ಸೊಗಸಿತ್ತು. ಮಕ್ಕಳನ್ನು ಅವರವರ ಕಲಿಕೆಗೆ ತಕ್ಕಂತೆ ಗುಂಪುಮಾಡಿ, ಮುಂದುವರಿದವರಿಂದ ಹಿಂದಿನವರಿಗೆ ಹೇಳಿಕೊಡಿಸುತ್ತಿದ್ದರು. ಹೇಳಿಕೊಟ್ಟವನ ವಿದ್ಯೆಯೂ ಗಟ್ಟಿಯಾಗುತ್ತಿತ್ತು. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಕ್ಯಾಂಪ್‌ಬೆಲ್ ಮೆಚ್ಚಿದ್ದಾನೆ. ಮದರಾಸಿನ ಅನಾಥಾಲಯದಲ್ಲಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿ ಅದನ್ನು ಅಳವಡಿಸಿ, ಮಕ್ಕಳಿಂದಲೇ ಮಕ್ಕಳಿಗೆ ಕಲಿಸಿ, 1797ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದ್ದ. ಅಲ್ಲಿನ ಚರ್ಚಿನ ಶಾಲೆಗಳು ಆ ‘ಮದರಾಸು ಪದ್ಧತಿ’ಯನ್ನು ಕೈಗೊಂಡವು.

ಕ್ಯಾಂಪ್‌ಬೆಲ್ ದೋಷವನ್ನೂ ಮರೆಮಾಚಿಲ್ಲ. ಮಕ್ಕಳು ಪದ್ಯಗಳನ್ನು ಅರ್ಥವರಿಯದೆ ಉರುಹೊಡೆಯುತ್ತಿದ್ದರು. ಅರ್ಥ ಹೇಳಬಲ್ಲ ಐಗಳೂ ವಿರಳ. ಅಮೆರಿಕೆಯ ಕಿರುಹೊತ್ತಗೆಯ ಮೇಲಿನ ದೂರಿಗೂ ಇದಕ್ಕೂ ಎಷ್ಟು ಅಂತರ? ಆದರೆ ಜಗುಲಿಯಲ್ಲಿ ಪಕ್ಕದವನಾದರೂ ಇದ್ದ. ಹಲಗೆಯ ಗೂಡಿನಲ್ಲಿ ಅವನೂ ಇಲ್ಲ. ನನಗೆ ದೊಡ್ಡ ನಷ್ಟವಾಗಿ ತೋರುವುದು ಇದೇ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ-ಕಲಿ’ಯಲ್ಲಿಯೂ ಮಗು ತನ್ನ ವೇಗದಲ್ಲೇ ಕಲಿಕೆಯ ಮೆಟ್ಟಿಲೇರುತ್ತದೆ. ಆದರೆ ಅಲ್ಲಿ ಗುರುಗಳ ನೆರವಿನ ಗುಂಪೂ ಸಹಪಾಠಿಗಳ ನೆರವಿನ ಗುಂಪೂ ಉಂಟು. ‘ಬರೀ ಆಟ’ವೆಂದು ಮೂಗುಮುರಿಯುವ ತಂದೆತಾಯಂದಿರೂ, ಕಟ್ಟುನಿಟ್ಟಿನ ಖಾಸಗಿ ಶಾಲೆಗೆ ಹಣ ಹೊಂದಿಸುವವರೂ ಒಂದು ಪೂರ್ವಾಹ್ನ ಶಾಲೆಯ ಮೂಲೆಯಲ್ಲಿ ಕುಳಿತು ನೋಡಲಿ: ಪುಸ್ತಕದಲ್ಲಿಲ್ಲದ ಪ್ರಶ್ನೆಯನ್ನು ಮಗು ಕೇಳಿದಾಗ ಅದರತ್ತ ಯಾರು ತಿರುಗುತ್ತಾರೆ?