ಜೂನ್‌ನಲ್ಲಿ ಗೆದ್ದು ಆಗಸ್ಟ್‌ನಲ್ಲಿ ಸೋಲುವವರು

ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ಕ್ರೀಡಾ ಸಂಸ್ಥೆಯ ಮರಳುಹೊಂಡದಲ್ಲಿ 2023ರ ಮಾರ್ಚ್ 2ರಂದು ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಜಿಗಿದರು. ಲಾಂಗ್ ಜಂಪ್‌ನಲ್ಲಿ ಅದು ರಾಷ್ಟ್ರೀಯ ದಾಖಲೆ. ಮೇ ತಿಂಗಳಲ್ಲಿ ಕ್ಯೂಬಾದ ಹವಾನಾದಲ್ಲಿ ಪ್ರವೀಣ್ ಚಿತ್ರವೇಲ್ ಟ್ರಿಪಲ್ ಜಂಪ್‌ನಲ್ಲಿ 17.37 ಮೀಟರ್ ಹಾರಿದರು. ಅದೂ ರಾಷ್ಟ್ರೀಯ ದಾಖಲೆ. ಜೂನ್ 19ರಂದು ಭುವನೇಶ್ವರದಲ್ಲಿ ತಜಿಂದರ್‌ಪಾಲ್ ಸಿಂಗ್ ತೂರ್ ಗುಂಡನ್ನು 21.77 ಮೀಟರ್ ದೂರ ಎಸೆದು ತಮ್ಮದೇ ಏಷ್ಯಾ ದಾಖಲೆ ಮುರಿದರು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಈ ಮೂರು ಸ್ಪರ್ಧೆಗಳಲ್ಲಿ ನಿಗದಿಯಾಗಿದ್ದ ಅರ್ಹತಾ ಮಟ್ಟ ಕ್ರಮವಾಗಿ 8.27, 17.22 ಮತ್ತು 21.50 ಮೀಟರ್. ಮೂವರೂ ಅದನ್ನು ಸಲೀಸಾಗಿ ದಾಟಿದ್ದರು. ಆದರೂ ಒಬ್ಬರ ಸಾಧನೆಯೂ ಲೆಕ್ಕಕ್ಕೆ ಬರಲಿಲ್ಲ. ಅರ್ಹತಾ ಅವಧಿ ಶುರುವಾದದ್ದು 2023ರ ಜುಲೈ 1ರಂದು. ತೂರ್ ಹನ್ನೆರಡು ದಿನ ಮೊದಲೇ ಎಸೆದಿದ್ದರು.

ಇದನ್ನು ದುರದೃಷ್ಟ ಎಂದು ತಳ್ಳಿಹಾಕಬಹುದು. ಆದರೆ ಯಾವ ಸ್ಪರ್ಧೆಗೆ ಅವಧಿ ಎಂದು ತೆರೆಯುತ್ತದೆ, ಎಂದು ಮುಚ್ಚುತ್ತದೆ ಎಂಬುದನ್ನು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮೊದಲೇ ಪ್ರಕಟಿಸಿತ್ತು. ನಡಿಗೆ, 10,000 ಮೀಟರ್ ಓಟದಂಥ ಕೆಲವು ಸ್ಪರ್ಧೆಗಳಿಗೆ 2022ರ ಡಿಸೆಂಬರ್ 31ರಿಂದಲೇ ಲೆಕ್ಕ ಆರಂಭವಾಗಿತ್ತು. ಹಾಗಾಗಿ 2023ರ ಫೆಬ್ರುವರಿಯಲ್ಲಿ ರಾಂಚಿಯಲ್ಲಿ 20 ಕಿ.ಮೀ. ನಡೆದ ಅಕ್ಷದೀಪ್ ಸಿಂಗ್ ಮತ್ತು ಪ್ರಿಯಾಂಕಾ ಗೋಸ್ವಾಮಿ ಅಲ್ಲಿಯೇ ಪ್ಯಾರಿಸ್‌ಗೆ ಅರ್ಹತೆ ಪಡೆದರು. ಮರುತಿಂಗಳು ಜಿಗಿದ ಜೆಸ್ವಿನ್‌ಗೆ ದಾಖಲೆ ಸಿಕ್ಕಿತು, ಅರ್ಹತೆ ಸಿಗಲಿಲ್ಲ. ಬಿತ್ತನೆಗೆ ಮೊದಲೇ ಸುರಿದು ಹೋದ ಮಳೆಯನ್ನು ಎಷ್ಟು ಹೊಗಳಿದರೂ ಪೈರು ಬರುವುದಿಲ್ಲ.

ಜೆಸ್ವಿನ್, ಪ್ರವೀಣ್, ತೂರ್ ಮೂವರೂ ಕೊನೆಗೆ ಪ್ಯಾರಿಸ್‌ಗೆ ಹೋದರು, ವಿಶ್ವ ರ‍್ಯಾಂಕಿಂಗ್‌ನ ದಾರಿಯಿಂದ. ಅಲ್ಲಿ ಆದದ್ದೇನು? ಜೆಸ್ವಿನ್ ಎರಡು ಬಾರಿ ಫೌಲ್ ಮಾಡಿ 7.61 ಮೀಟರ್‌ಗೆ ನಿಂತರು. ಪ್ರವೀಣ್ 16.25 ಮೀಟರ್ ಹಾರಿದರು. ಗಾಯಗಳಿಂದ ಬಳಲಿದ್ದ ತೂರ್ ಎಸೆದದ್ದು 18.05 ಮೀಟರ್. ಮೂವರಲ್ಲಿ ಯಾರೂ ಫೈನಲ್ ತಲುಪಲಿಲ್ಲ. ತಮ್ಮ ಶ್ರೇಷ್ಠ ಸಾಧನೆಯ ಹತ್ತಿರಕ್ಕೂ ಸುಳಿಯಲಿಲ್ಲ.

ನಮ್ಮ ಅಥ್ಲೆಟಿಕ್ಸ್ ಕುರಿತ ಚರ್ಚೆಯೆಲ್ಲ ಎರಡು ತುದಿಗಳಲ್ಲಿ ನಡೆಯುತ್ತದೆ. ಒಲಿಂಪಿಕ್ಸ್‌ಗೆ ಮೊದಲು ‘ಅರ್ಹತೆ ಪಡೆದರು’ ಎಂಬ ಸಂಭ್ರಮ, ಒಲಿಂಪಿಕ್ಸ್ ನಂತರ ‘ನಿರಾಸೆ ಮೂಡಿಸಿದರು’ ಎಂಬ ಗೊಣಗಾಟ. ಇವೆರಡರ ನಡುವಿನ ಹನ್ನೆರಡು ತಿಂಗಳಲ್ಲಿ ಆ ಕ್ರೀಡಾಪಟು ಎಲ್ಲಿ ಸ್ಪರ್ಧಿಸಿದ, ಯಾವಾಗ ವಿಶ್ರಾಂತಿ ಪಡೆದ, ಯಾವ ವಾರದಲ್ಲಿ ತನ್ನ ಅತ್ಯುತ್ತಮ ಲಯದಲ್ಲಿದ್ದ ಎಂಬುದನ್ನು ಕೇಳುವವರು ಕಡಿಮೆ. ಅಸಲಿ ಕಥೆ ಇರುವುದು ಅಲ್ಲಿಯೇ.

ಪ್ಯಾರಿಸ್‌ನ ಲೆಕ್ಕಾಚಾರ ಹೀಗಿತ್ತು: ಪ್ರತಿ ಸ್ಪರ್ಧೆಯಲ್ಲಿ ಸುಮಾರು ಅರ್ಧ ಜಾಗ ಅರ್ಹತಾ ಮಟ್ಟ ಮುಟ್ಟಿದವರಿಗೆ, ಉಳಿದದ್ದು ರ‍್ಯಾಂಕಿಂಗ್‌ನಲ್ಲಿ ಮೇಲಿರುವವರಿಗೆ. ಒಂದು ದೇಶದಿಂದ ಒಂದು ಸ್ಪರ್ಧೆಗೆ ಹೆಚ್ಚೆಂದರೆ ಮೂವರು. ರ‍್ಯಾಂಕಿಂಗ್ ಅಂಕ ಎಣಿಸುವಾಗ ಓಡಿದ ಸಮಯ ಅಥವಾ ಎಸೆದ ದೂರದ ಜೊತೆಗೆ, ಎಂಥ ಕೂಟದಲ್ಲಿ ಎಷ್ಟನೆಯ ಸ್ಥಾನ ಬಂತು ಎಂಬುದಕ್ಕೂ ಅಂಕ ಸೇರುತ್ತದೆ. ಬಹುತೇಕ ಸ್ಪರ್ಧೆಗಳಲ್ಲಿ ಇಂಥ ಐದು ಉತ್ತಮ ಫಲಿತಾಂಶಗಳ ಸರಾಸರಿಯೇ ಸ್ಥಾನ ನಿರ್ಧರಿಸುತ್ತದೆ. ಏಷ್ಯಾ ಚಾಂಪಿಯನ್‌ಷಿಪ್‌ನ ಚಿನ್ನ, ಡೈಮಂಡ್ ಲೀಗ್‌ನ ಐದನೇ ಸ್ಥಾನ ಇವೆಲ್ಲ ತೂಕದ ಅಂಕಗಳು. ಊರಿನ ಸಣ್ಣ ಕೂಟದಲ್ಲಿ ಅದೇ ದೂರ ಎಸೆದರೆ ಸಿಗುವುದು ಕಡಿಮೆ. ತೂರ್ ಅವರಿಗೆ ಆಸರೆಯಾದದ್ದು ಇದೇ. 2023ರ ಜುಲೈನಲ್ಲಿ ಬ್ಯಾಂಕಾಕ್‌ನ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ 20.23 ಮೀಟರ್ ಎಸೆದು, ಕುಂಟುತ್ತಾ ಹೊರನಡೆದರೂ ಚಿನ್ನ ಗೆದ್ದರು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 20.36 ಮೀಟರ್ ಎಸೆದು ಮತ್ತೆ ಚಿನ್ನ ಪಡೆದರು. ಎರಡೂ ಎಸೆತಗಳು ಅರ್ಹತಾ ಮಟ್ಟಕ್ಕಿಂತ ಒಂದು ಮೀಟರ್‌ಗೂ ಹೆಚ್ಚು ಹಿಂದಿದ್ದವು.

ಈ ಪದ್ಧತಿಯ ಅಂಚು ಎಷ್ಟು ಚೂಪು ಎಂಬುದಕ್ಕೆ ಜ್ಯೋತಿ ಯರ‍್ರಾಜಿಯವರನ್ನು ನೋಡಬೇಕು. ಮಹಿಳೆಯರ 100 ಮೀಟರ್ ಹರ್ಡಲ್ಸ್‌ನ ಅರ್ಹತಾ ಮಟ್ಟ 12.77 ಸೆಕೆಂಡ್. ಜ್ಯೋತಿ 2023ರ ಆಗಸ್ಟ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ 12.78ರಲ್ಲಿ ಓಡಿದರು. 2024ರ ಮೇ ತಿಂಗಳಲ್ಲಿ ಫಿನ್‌ಲೆಂಡ್‌ನಲ್ಲಿ ಮತ್ತೊಮ್ಮೆ 12.78. ಎರಡು ಸಲವೂ ಸೆಕೆಂಡಿನ ನೂರನೇ ಒಂದು ಭಾಗ ಅಡ್ಡ ಬಂತು. ರ‍್ಯಾಂಕಿಂಗ್ ಕೈಹಿಡಿದದ್ದರಿಂದ ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆಗಿಳಿದ ಮೊದಲ ಭಾರತೀಯಳಾದರು. ಆದರೆ ಪ್ಯಾರಿಸ್‌ನಲ್ಲಿ ಓಡಿದ ಸಮಯ 13.16, ಮರು ಅವಕಾಶದ ಸುತ್ತಿನಲ್ಲಿ 13.17.

ಜ್ಯೋತಿಯವರ ಪ್ರತಿಭೆಯಲ್ಲಿ ನನಗೆ ಸಂಶಯವಿಲ್ಲ. ನನ್ನ ಸಂಶಯ ನಮ್ಮ ಕ್ಯಾಲೆಂಡರ್ ಬಗ್ಗೆ. ಕೋಚ್‌ಗಳು ‘ಪೀಕ್ ಆಗುವುದು’ ಎನ್ನುವ ಸ್ಥಿತಿ ವರ್ಷಕ್ಕೆ ಹತ್ತು ಸಲ ಬರುವುದಿಲ್ಲ. ತಿಂಗಳುಗಟ್ಟಲೆ ದೇಹಕ್ಕೆ ಭಾರ ಹೊರಿಸಿ, ಕೊನೆಯ ಎರಡು ಮೂರು ವಾರ ಆ ಭಾರವನ್ನು ಇಳಿಸುತ್ತಾ ಬಂದಾಗ ಸ್ನಾಯುಗಳು ಚುರುಕಾಗುತ್ತವೆ. ಆ ಚುರುಕು ಉಳಿಯುವುದು ಕೆಲವೇ ವಾರ. ಅದನ್ನು ಒಮ್ಮೆ ಖರ್ಚು ಮಾಡಿದರೆ ಮತ್ತೆ ಬುನಾದಿಯಿಂದ ಕಟ್ಟಬೇಕು. ನಮ್ಮ ಬಹುಪಾಲು ಅಥ್ಲೀಟ್‌ಗಳು ಅದನ್ನು ಅರ್ಹತೆಗಾಗಿಯೇ ಖರ್ಚು ಮಾಡುತ್ತಾರೆ.

2024ರಲ್ಲಿ ಅರ್ಹತಾ ಅವಧಿ ಮುಗಿದದ್ದು ಜೂನ್ 30ಕ್ಕೆ. ನಮ್ಮ ಅಂತರ ರಾಜ್ಯ ಚಾಂಪಿಯನ್‌ಷಿಪ್ ಪಂಚಕುಲಾದಲ್ಲಿ ನಡೆದದ್ದು ಜೂನ್ 27ರಿಂದ 30ರವರೆಗೆ. ಅಂದರೆ ಬಾಗಿಲು ಮುಚ್ಚುವ ಕೊನೆಯ ನಾಲ್ಕು ದಿನ. ಅಲ್ಲಿ ಹರಿಯಾಣದ ಕಿರಣ್ ಪಹಲ್ 400 ಮೀಟರ್ ಓಟವನ್ನು 50.92 ಸೆಕೆಂಡ್‌ನಲ್ಲಿ ಮುಗಿಸಿ, 50.95ರ ಅರ್ಹತಾ ಮಟ್ಟವನ್ನು ಕೂದಲೆಳೆಯಲ್ಲಿ ದಾಟಿದರು. ಬೆಂಕಿಯಂಥ ಓಟ ಅದು. ಆದರೆ ಆಗಸ್ಟ್ ಮೊದಲ ವಾರದಲ್ಲಿ ಪ್ಯಾರಿಸ್‌ನ ಟ್ರ್ಯಾಕ್‌ನಲ್ಲಿ ಅವರ ಸಮಯ 52.51ಕ್ಕೆ ಏರಿತ್ತು. ಜೂನ್ ಕೊನೆಯಲ್ಲಿ ಮೈಯಲ್ಲಿದ್ದ ಒಂದೊಂದು ಹನಿ ಬಲವನ್ನೂ ಸುರಿದ ಓಟಗಾರ್ತಿಗೆ ಐದು ವಾರದಲ್ಲಿ ಇನ್ನೊಮ್ಮೆ ಅದೇ ಎತ್ತರಕ್ಕೇರು ಎಂದು ಹೇಳುವುದು ಯಾವ ನ್ಯಾಯ?

ಅಮೆರಿಕದವರೂ ಇದನ್ನೇ ಮಾಡುತ್ತಾರಲ್ಲ ಎಂದು ಕೇಳಬಹುದು. ಹೌದು, ಅಲ್ಲಿನ ಟ್ರಯಲ್ಸ್ ಇನ್ನೂ ನಿರ್ದಯ. 2024ರ ಜೂನ್‌ನಲ್ಲಿ ಯುಜೀನ್‌ನಲ್ಲಿ ನಡೆದ 800 ಮೀಟರ್ ಫೈನಲ್‌ನಲ್ಲಿ ಟೋಕಿಯೊದ ಚಿನ್ನದ ಹುಡುಗಿ ಅಥಿಂಗ್ ಮು ನೂಕುನುಗ್ಗಲಿನಲ್ಲಿ ಎಡವಿ ಬಿದ್ದರು. ಎದ್ದು ಓಡಿ ಕೊನೆಯವರಾಗಿ ಗುರಿ ಮುಟ್ಟಿದರು. ಹಾಲಿ ಒಲಿಂಪಿಕ್ ಚಾಂಪಿಯನ್ ಪ್ಯಾರಿಸ್‌ನ 800 ಮೀಟರ್ ಓಟವನ್ನು ಹೊರಗಿನಿಂದ ನೋಡಬೇಕಾಯಿತು. ಆದರೆ ಅಲ್ಲಿ ಒಬ್ಬರು ಬಿದ್ದರೆ ಅದೇ ಗುಣಮಟ್ಟದ ಇನ್ನೂ ಮೂವರಿದ್ದಾರೆ. ಅವರ ಬಹುತೇಕ ತಾರೆಯರು ಅರ್ಹತಾ ಮಟ್ಟವನ್ನು ಹಿಂದಿನ ವರ್ಷವೇ ಮುಟ್ಟಿರುತ್ತಾರೆ. ಟ್ರಯಲ್ಸ್‌ನಲ್ಲಿ ಬೇಕಿರುವುದು ಮೊದಲ ಮೂರರೊಳಗಿನ ಸ್ಥಾನ ಮಾತ್ರ. ನೋವಾ ಲೈಲ್ಸ್ ಯುಜೀನ್‌ನಲ್ಲಿ 100 ಮೀಟರ್ ಓಡಿದ್ದು 9.83ರಲ್ಲಿ. ಅದೇ ಜೂನ್‌ನಲ್ಲಿ ಜಮೈಕಾದ ಕಿಶೇನ್ ಥಾಂಪ್ಸನ್ 9.77ರಲ್ಲಿ ಓಡಿ ಜಗತ್ತನ್ನು ಬೆರಗುಗೊಳಿಸಿದ್ದರು. ಆಗಸ್ಟ್ 4ರ ರಾತ್ರಿ ಇಬ್ಬರ ಸಮಯವೂ 9.79. ಸೆಕೆಂಡಿನ ಸಾವಿರ ಭಾಗಗಳಲ್ಲಿ ಐದರ ಅಂತರದಲ್ಲಿ ಗೆದ್ದದ್ದು ಲೈಲ್ಸ್. ಜೂನ್‌ಗಿಂತ ಆಗಸ್ಟ್‌ನಲ್ಲಿ ವೇಗ ಹೆಚ್ಚಿಸಿಕೊಂಡವರಿಗೆ ಚಿನ್ನ ಸಿಕ್ಕಿತು.

ನಮ್ಮ ರಾಜ್ಯದ ನೆನಪಿನಲ್ಲೂ ಇದರ ಎರಡು ಮುಖಗಳಿವೆ. 2012ರ ಜೂನ್‌ನಲ್ಲಿ ಹೈದರಾಬಾದ್‌ನ ಅಂತರ ರಾಜ್ಯ ಕೂಟದಲ್ಲಿ ಸಹನಾ ಕುಮಾರಿ ಹೈಜಂಪ್‌ನಲ್ಲಿ 1.92 ಮೀಟರ್ ದಾಟಿ ರಾಷ್ಟ್ರೀಯ ದಾಖಲೆಯ ಜೊತೆಗೆ ಲಂಡನ್‌ನ ‘ಬಿ’ ದರ್ಜೆಯ ಅರ್ಹತೆಯನ್ನೂ ಪಡೆದರು. ಲಂಡನ್‌ನಲ್ಲಿ ಅವರ ಜಿಗಿತ 1.80 ಮೀಟರ್‌ಗೆ ಮುಗಿಯಿತು. ಅದೇ ಒಲಿಂಪಿಕ್ಸ್‌ನಲ್ಲಿ ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ ಡಿಸ್ಕಸ್ ಅನ್ನು ಅರ್ಹತಾ ಸುತ್ತಿನಲ್ಲಿ 65.20 ಮೀಟರ್, ಫೈನಲ್‌ನಲ್ಲಿ 64.79 ಮೀಟರ್ ಎಸೆದು ಎಂಟನೆಯವರಾದರು. ವಿಕಾಸ್ ತಮ್ಮ 66.28 ಮೀಟರ್‌ನ ರಾಷ್ಟ್ರೀಯ ದಾಖಲೆಯನ್ನು ಏಪ್ರಿಲ್‌ನಲ್ಲೇ ಬರೆದಿದ್ದರು. ನಾಲ್ಕು ತಿಂಗಳು ನೆಮ್ಮದಿಯಿಂದ ಆಗಸ್ಟ್‌ಗೆ ತಯಾರಾಗುವ ಅವಕಾಶ ಅವರಿಗಿತ್ತು. ಸಹನಾ ಅವರಿಗೆ ಸಿಕ್ಕದ್ದು ಆರು ವಾರ.

ಗಡುವಿನ ಒತ್ತಡಕ್ಕೆ ಇನ್ನೊಂದು ಕರಾಳ ಬದಿಯಿದೆ. ಅರ್ಹತೆಯ ಕೊನೆಯ ತಿಂಗಳುಗಳಲ್ಲಿ ಉದ್ದೀಪನ ಮದ್ದಿನ ಆಮಿಷ ಎಲ್ಲ ದೇಶಗಳ ಅಥ್ಲೀಟ್‌ಗಳ ಸುತ್ತಲೂ ಸುಳಿಯುತ್ತದೆ. ಹಾಸನ ಜಿಲ್ಲೆಯ ಬೇಲೂರಿನ ಕಡೆಯ ಡಿ.ಪಿ. ಮನು 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾವೆಲಿನ್ ಅನ್ನು 84.14 ಮೀಟರ್ ಎಸೆದು ಆರನೆಯವರಾಗಿದ್ದರು. 85.50 ಮೀಟರ್‌ನ ಮಟ್ಟ ಮುಟ್ಟದಿದ್ದರೂ ರ‍್ಯಾಂಕಿಂಗ್‌ನಲ್ಲಿ ಪ್ಯಾರಿಸ್ ಹೊಸ್ತಿಲಲ್ಲಿದ್ದರು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕೂಟದಲ್ಲಿ ಪಡೆದ ಮಾದರಿಯಲ್ಲಿ ನಿಷೇಧಿತ ವಸ್ತು ಪತ್ತೆಯಾಗಿ ಅಮಾನತುಗೊಂಡರು. ನಂತರ ನಾಲ್ಕು ವರ್ಷದ ನಿಷೇಧ. ತಪ್ಪಿಗೆ ಶಿಕ್ಷೆ ಆಗಬೇಕಾದ್ದೇ. ಆದರೆ ಕರ್ನಾಟಕ ಒಬ್ಬ ಒಲಿಂಪಿಯನ್‌ನನ್ನು ಹೊಸ್ತಿಲಲ್ಲೇ ಕಳೆದುಕೊಂಡಿತು ಎಂಬುದೂ ನಿಜ.

ಬೇಗ ಅರ್ಹತೆ ಪಡೆದವನಿಗೆ ಸಿಗುವ ದೊಡ್ಡ ಸೌಲಭ್ಯ ಎಂದರೆ ಸ್ಪರ್ಧಿಸದೇ ಇರುವ ಸ್ವಾತಂತ್ರ್ಯ. ನೀರಜ್ ಚೋಪ್ರಾ ಬುಡಾಪೆಸ್ಟ್‌ನ ಅರ್ಹತಾ ಸುತ್ತಿನಲ್ಲಿ 88.77 ಮೀಟರ್ ಎಸೆದು 2023ರ ಆಗಸ್ಟ್‌ನಲ್ಲೇ ಪ್ಯಾರಿಸ್ ಖಚಿತಪಡಿಸಿಕೊಂಡರು. ಹಾಗಾಗಿ ಮರುವರ್ಷ ತೊಡೆಸಂದಿನ ನೋವು ಕಾಡಿದಾಗ ಒಸ್ಟ್ರಾವಾ ಕೂಟದಿಂದ ಹಿಂದೆ ಸರಿಯಲು ಅವರು ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ. ಒಲಿಂಪಿಕ್ಸ್‌ಗೆ ಮುನ್ನ ಆ ವರ್ಷ ಮೂರೇ ಕೂಟಗಳಲ್ಲಿ ಎಸೆದು, ಪ್ಯಾರಿಸ್‌ನಲ್ಲಿ 89.45 ಮೀಟರ್‌ಗೆ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಪಾಕಿಸ್ತಾನದ ಅರ್ಷದ್ ನದೀಮ್ ಕಥೆಯೂ ಅಂಥದ್ದೇ. ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಅವರು ಒಲಿಂಪಿಕ್ಸ್‌ಗೆ ಮುನ್ನ ಇಳಿದದ್ದು ಪ್ಯಾರಿಸ್ ಡೈಮಂಡ್ ಲೀಗ್ ಒಂದಕ್ಕೇ, ಎಸೆತ 84.21 ಮೀಟರ್. ಒಂದು ತಿಂಗಳ ನಂತರ 92.97 ಮೀಟರ್ ಎಸೆದು ಒಲಿಂಪಿಕ್ ದಾಖಲೆ ಬರೆದರು. ಸ್ಟೀಪಲ್‌ಚೇಸ್‌ನ ಅವಿನಾಶ್ ಸಾಬ್ಳೆ ಕೂಡ 2023ರ ಜುಲೈನಲ್ಲೇ ಅರ್ಹತೆ ಪಡೆದು, ಪ್ಯಾರಿಸ್‌ಗೆ ನಾಲ್ಕು ವಾರ ಮೊದಲು 8 ನಿಮಿಷ 9.91 ಸೆಕೆಂಡ್‌ನ ರಾಷ್ಟ್ರೀಯ ದಾಖಲೆ ಬರೆದು, ಒಲಿಂಪಿಕ್ಸ್ ಫೈನಲ್‌ನಲ್ಲಿ ಹನ್ನೊಂದನೆಯವರಾದರು. ಆ ಸ್ಪರ್ಧೆಯ ಫೈನಲ್ ತಲುಪಿದ ಮೊದಲ ಭಾರತೀಯ ಪುರುಷ ಅವರು.

ಬೇಗ ಅರ್ಹತೆ ಪಡೆದರೆ ಎಲ್ಲ ಸರಿಹೋಗುತ್ತದೆ ಎಂಬ ಸರಳ ಸೂತ್ರವನ್ನೂ ನಾನು ಮುಂದಿಡುತ್ತಿಲ್ಲ. ಜಾವೆಲಿನ್ ಎಸೆತಗಾರ ಕಿಶೋರ್ ಜೇನಾ ಹಾಂಗ್‌ಝೌನಲ್ಲಿ 87.54 ಮೀಟರ್ ಎಸೆದು ಹತ್ತು ತಿಂಗಳು ಮೊದಲೇ ಅರ್ಹರಾಗಿದ್ದರು. 2024ರ ಮೇ ತಿಂಗಳಲ್ಲಿ ದೋಹಾದಲ್ಲಿ 76.31, ಭುವನೇಶ್ವರದಲ್ಲಿ 75.49 ಮೀಟರ್. ಲಯ ಕೈಜಾರಿರುವುದು ಎಲ್ಲರಿಗೂ ಕಾಣುತ್ತಿತ್ತು. ಪ್ಯಾರಿಸ್‌ನಲ್ಲಿ 80.73 ಮೀಟರ್‌ಗೆ ಅವರ ಪಯಣ ಮುಗಿಯಿತು. ಲಾಂಗ್ ಜಂಪ್‌ನಲ್ಲಿ 8.37 ಮೀಟರ್ ಜಿಗಿದು ಬ್ಯಾಂಕಾಕ್‌ನಲ್ಲೇ ಅರ್ಹತೆ ಪಡೆದಿದ್ದ ಮುರಳಿ ಶ್ರೀಶಂಕರ್ 2024ರ ಏಪ್ರಿಲ್‌ನಲ್ಲಿ ತರಬೇತಿ ವೇಳೆ ಮಂಡಿಗೆ ಪೆಟ್ಟಾಗಿ ಪ್ಯಾರಿಸ್‌ಗೆ ಹೋಗಲೇ ಇಲ್ಲ. ಗಾಯವನ್ನು ಯಾವ ಕ್ಯಾಲೆಂಡರ್ ಕೂಡ ಪೂರ್ತಿ ತಡೆಯಲಾರದು. ಆದರೆ ಗಡುವಿನ ಹಿಂದೆ ಓಡುವವನಿಗಿಂತ ಸಮಯ ಕೈಯಲ್ಲಿರುವವನಿಗೆ ಚೇತರಿಕೆಯ ದಾರಿ ಹೆಚ್ಚು.

ಆದ್ದರಿಂದ ಆಗಬೇಕಾದ ಕೆಲಸಗಳು ಸ್ಪಷ್ಟ. ಒಲಿಂಪಿಕ್ ವರ್ಷದಲ್ಲಿ ಅಂತರ ರಾಜ್ಯ ಕೂಟವನ್ನು ಅವಧಿಯ ಕೊನೆಯ ವಾರಕ್ಕೆ ತಳ್ಳುವ ಚಾಳಿ ನಿಲ್ಲಬೇಕು. ಅರ್ಹತಾ ಅವಧಿಯ ಮೊದಲ ಮೂರು ನಾಲ್ಕು ತಿಂಗಳಲ್ಲೇ ಒಳ್ಳೆಯ ದರ್ಜೆಯ ಕೂಟಗಳು ನಮ್ಮ ನೆಲದಲ್ಲಿ ನಡೆಯಬೇಕು. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ನೀರಜ್ ಚೋಪ್ರಾ ಕ್ಲಾಸಿಕ್ ಇದಕ್ಕೆ ದಾರಿ ತೋರಿಸಿದೆ. ವಿಶ್ವ ಅಥ್ಲೆಟಿಕ್ಸ್‌ನ ‘ಎ’ ದರ್ಜೆಯ ಆ ಕೂಟದಲ್ಲಿ ನಮ್ಮ ಹುಡುಗರು ವೀಸಾ, ವಿಮಾನ, ಹವಾಮಾನದ ಜಂಜಾಟವಿಲ್ಲದೆ ವಿಶ್ವದರ್ಜೆಯ ಎಸೆತಗಾರರ ಪಕ್ಕ ನಿಂತು ಅಂಕ ಗಳಿಸಿದರು. ಜಾವೆಲಿನ್‌ಗೆ ಸಾಧ್ಯವಾದದ್ದು ಜಂಪ್ಸ್‌ಗೆ, ಹರ್ಡಲ್ಸ್‌ಗೆ, 400 ಮೀಟರ್‌ಗೆ ಏಕೆ ಸಾಧ್ಯವಿಲ್ಲ? ಇದರ ಜೊತೆಗೆ ತಂಡ ಹೊರಡುವ ಆರು ವಾರ ಮೊದಲು ಪ್ರತಿಯೊಬ್ಬರ ಲಯವನ್ನು ಕೋಚ್, ವೈದ್ಯರು ಮತ್ತು ಆಯ್ಕೆ ಸಮಿತಿ ಒಟ್ಟಿಗೆ ಕೂತು ಪರಿಶೀಲಿಸಿ ಫಲಿತಾಂಶವನ್ನು ಬಹಿರಂಗಪಡಿಸಬೇಕು. ಪತ್ರಕರ್ತರಾದ ನಾವೂ ಒಂದು ಅಭ್ಯಾಸ ಬೆಳೆಸಿಕೊಳ್ಳಬೇಕು: ಅರ್ಹತೆಯ ಸುದ್ದಿ ಬರೆಯುವಾಗ ಆ ಅಥ್ಲೀಟ್‌ನ ಹಿಂದಿನ ಐದು ಕೂಟಗಳ ಅಂಕಿಯನ್ನೂ ಪಕ್ಕದಲ್ಲಿ ಕೊಡಬೇಕು. ಒಂದು ದಿನದ ಮಿಂಚು ಯಾವುದು, ನಿಜವಾದ ಲಯ ಯಾವುದು ಎಂದು ಓದುಗರಿಗೇ ತಿಳಿಯುತ್ತದೆ.

ತಡಮಾಡುವಂತಿಲ್ಲ. ಲಾಸ್ ಏಂಜಲೀಸ್ ಒಲಿಂಪಿಕ್ಸ್ 2028ರ ಜುಲೈ 14ರಂದು ಆರಂಭವಾಗುತ್ತದೆ. ಎರಡನೇ ವಾರಕ್ಕೆ ಕಾಯುತ್ತಿದ್ದ ಅಥ್ಲೆಟಿಕ್ಸ್ ಈ ಸಲ ಮೊದಲ ವಾರದಲ್ಲೇ ನಡೆಯಲಿದೆ. ಜೂನ್ ಕೊನೆಯಲ್ಲಿ ಪಂಚಕುಲಾದಲ್ಲಿ ಓಡಿದವರಿಗೆ ಪ್ಯಾರಿಸ್ ಮೊದಲು ಐದು ವಾರವಾದರೂ ಸಿಕ್ಕಿತ್ತು. ಹಳೆಯ ಕ್ಯಾಲೆಂಡರ್ ಹಿಡಿದೇ ಹೊರಟರೆ ಈ ಬಾರಿ ಸಿಗುವುದು ಎರಡು ವಾರ. ಅಷ್ಟರಲ್ಲಿ ಕಾಲಿನ ನೋವೂ ಇಳಿಯುವುದಿಲ್ಲ, ವಿಮಾನದ ಆಯಾಸವೂ ಹೋಗುವುದಿಲ್ಲ. ಹಾಗೆ ಹೋಗಿ ಮೊದಲ ಸುತ್ತಿನಲ್ಲೇ ಹೊರಬಿದ್ದ ಓಟಗಾರ್ತಿಯನ್ನು ಕೇಳುವ ಪ್ರಶ್ನೆಗಳಿಗಿಂತ ಮೊದಲು, ಕೂಟದ ದಿನಾಂಕ ಗೊತ್ತುಮಾಡಿದವರನ್ನು ಪ್ರಶ್ನಿಸಬೇಕು.